ರಸೀದಿ ಇಲ್ಲದ ಒಂದು ಸಾಲು

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪಿನ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ನಮ್ಮ ಸಿಎನ್‌ಸಿ ಮಷಿನ್ನಿನ ಸ್ಪಿಂಡಲ್, ಅಂದರೆ ಅದರ ತಿರುಗುವ ಮುಖ್ಯ ಭಾಗ, ಕೆಟ್ಟು, ಹೊರದೇಶದಿಂದ ಹೊಸದು ತರಿಸಿದೆವು. ಅದು ಬಂದರಿನಲ್ಲೇ ಹನ್ನೊಂದು ದಿನ ಕೂತಿತು. ನೀವು ಹಾಕಿದ ಕೋಡ್ (ಯಾವ ಮಾಲು ಅಂತ ಗುರುತಿಸುವ ಸಂಖ್ಯೆ) ತಪ್ಪು, ಇದು ಸುಂಕದ ಪಟ್ಟಿಯಲ್ಲಿ ಬೇರೆ ಸಾಲಿಗೆ ಬರುತ್ತದೆ ಅಂತ ಕಸ್ಟಮ್ಸ್‌ನವರ ಆಕ್ಷೇಪ. ಆ ಸಾಲಿಗೆ ಸುಂಕ ಜಾಸ್ತಿ. ಇತ್ತ ಎರಡು ಶಿಫ್ಟ್ ನಿಂತಿವೆ, ಅತ್ತ ಮಾಲು ಬಂದರಿನಲ್ಲೇ ಉಳಿದದ್ದಕ್ಕೆ ದಿನಕ್ಕಿಷ್ಟು ಅಂತ ಡೆಮರೇಜ್ ಏರುತ್ತಿದೆ. "ಮೇಡಂ, ವಾದ ಮಾಡ್ತೀರೋ, ಮಷಿನ್ ಓಡಿಸ್ತೀರೋ?" ಅಂತ ಬಂದರಿನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಫೋನಿನಲ್ಲಿ ಕೇಳಿದ.

ಹನ್ನೆರಡನೇ ದಿನ ಮಾಲು ಬಿಟ್ಟರು. ಆಮೇಲೆ ಬಂದ ಬಿಲ್ಲಿನಲ್ಲಿ ಎಲ್ಲದಕ್ಕೂ ರಸೀದಿ ಇತ್ತು, ಒಂದು ಸಾಲು ಬಿಟ್ಟು: 'ಇತರೆ ಖರ್ಚು'. ಯಾರ ಕೈಗೆ ಹೋಯಿತು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸುಮ್ನೆ ಎಂಟ್ರಿ ಹಾಕಿದೆ. ಇವತ್ತಿಗೂ ಅದು ಚುಚ್ಚುತ್ತದೆ.

ಅಧಿಕಾರಿಗಳೇ ಸರಿಯಿಲ್ಲ ಅಂತ ಬೈಯುವುದು ಸುಲಭ. ಆದರೆ ಯೋಚಿಸಿ, ಎರಡೂ ಕೋಡ್‌ಗೆ ಒಂದೇ ಸುಂಕ ಇದ್ದಿದ್ದರೆ ಆ ಜಗಳಕ್ಕೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ? ಲಂಚ ಹುಟ್ಟುವುದು ಆ ಎರಡು ದರಗಳ ನಡುವಿನ ಸಂದಿಯಲ್ಲಿ. ದಕ್ಷಿಣ ಆಫ್ರಿಕಾದಿಂದ ಮೊಜಾಂಬಿಕ್‌ಗೆ ಹೋಗುವ ಮಾಲಿನ ಮೇಲೆ 2008ರಲ್ಲಿ ಸುಂಕ ಇಳಿಸಿದರು. ಸಾಂಡ್ರಾ ಸೆಕ್ವೇರಾ ಎಂಬ ಅರ್ಥಶಾಸ್ತ್ರಜ್ಞೆ ಆ ಮಾಲಿನ ಬೆನ್ನು ಹತ್ತಿ ನೋಡಿದರು. ಸುಂಕ ಇಳಿದ ಕಡೆ ಲಂಚವೂ ಇಳಿದಿತ್ತು.

ನಮ್ಮಲ್ಲೂ ಹಾಗೇ. 1991ರಲ್ಲಿ ಗರಿಷ್ಠ ಸುಂಕ ಶೇ 150 ಇತ್ತು. ಆಗ ಫಾರಿನ್ ವಾಚು ಅಂದರೆ ಕದ್ದು ತಂದದ್ದು ಅಂತಲೇ ನಮ್ಮ ಮನೆಯ ಹಿರಿಯರು ತಿಳಿದಿದ್ದರು. ಆಮೇಲೆ ಸುಂಕ ಇಳಿಯಿತು, ಈಗ ಅಂಗಡಿಯಲ್ಲೇ ಸಿಗುವ ವಾಚನ್ನು ಯಾರು ಕದ್ದು ತರುತ್ತಾರೆ? ಚಿನ್ನದ ಸುಂಕವನ್ನು 2024ರ ಜುಲೈನಲ್ಲಿ ಶೇ 15ರಿಂದ 6ಕ್ಕೆ ಇಳಿಸಿದ್ದರ ಹಿಂದೆಯೂ ಕಳ್ಳಸಾಗಣೆಯ ಲಾಭ ಕಡಿಮೆ ಮಾಡುವ ಲೆಕ್ಕ ಇತ್ತು.

2020ರಲ್ಲಿ ಕಸ್ಟಮ್ಸ್‌ನಲ್ಲಿ ಫೇಸ್‌ಲೆಸ್ ಅಸೆಸ್‌ಮೆಂಟ್ ಬಂತು, ಅಂದರೆ ಮುಖ ನೋಡದೆ ಕಂಪ್ಯೂಟರಿನಲ್ಲೇ ಸುಂಕ ನಿಗದಿ. ಜೂನ್‌ನಲ್ಲಿ ಬೆಂಗಳೂರು, ಚೆನ್ನೈನಲ್ಲಿ ಶುರುವಾಗಿ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಹಬ್ಬಿತು. ತರಿಸಿದ ಮಾಲಿನ ವಿವರ ಬರೆದುಕೊಡುವ ನಮ್ಮ ಬಿಲ್ ಆಫ್ ಎಂಟ್ರಿಯನ್ನು ಈಗ ಯಾವುದೋ ಊರಿನ ಅಧಿಕಾರಿ ನೋಡುತ್ತಾರೆ, ಅವರು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ. ಒಳ್ಳೆಯದೇ ಆಯಿತು. ಆದರೆ ಪೆಟ್ಟಿಗೆ ಮಾತ್ರ ಬಂದರಿನಲ್ಲೇ ಇರುತ್ತದೆ, ಅದನ್ನು ತೆರೆದು ನೋಡಿ ಬಿಡುವವರೂ ಅಲ್ಲೇ ಇರುತ್ತಾರೆ. ಅದಕ್ಕೇ ಕಂಪ್ಯೂಟರ್ ಒಂದೇ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2025ರ ಬಜೆಟ್ಟಿನಲ್ಲಿ ಕೈಗಾರಿಕಾ ಸರಕಿನ ಸುಂಕದ ದರಗಳನ್ನು, ಸೊನ್ನೆಯೂ ಸೇರಿ, ಎಂಟಕ್ಕೆ ಇಳಿಸಿದರು. ನನ್ನ ಪ್ರಕಾರ ನಿಜವಾದ ಕೆಲಸ ಅದು, ಇನ್ನೂ ಇಳಿಯಬೇಕು. ಜೊತೆಗೆ ಆ ಷರತ್ತಿನ ವಿನಾಯಿತಿಗಳು! ಇಂಥ ಬಳಕೆಗೆ ಆದರೆ ಇಷ್ಟು, ಇಲ್ಲದಿದ್ದರೆ ಅಷ್ಟು. ಸುಂಕ ಇಳಿಸಿ ಷರತ್ತು ಹೆಚ್ಚಿಸಿದರೆ ಆ ಸಂದಿ ಮತ್ತೆ ತೆರೆದುಕೊಳ್ಳುತ್ತದೆ.

ಮಾಲು ತರಿಸುವ ಮೊದಲೇ ಅದಕ್ಕೆ ಯಾವ ಕೋಡ್ ಅಂತ ಅರ್ಜಿ ಹಾಕಿ ಕೇಳಬಹುದು. ಅದಕ್ಕಾಗಿ ಮುಂಬೈ, ದೆಹಲಿಯಲ್ಲಿ ಮುಂಗಡ ತೀರ್ಪಿನ ಪ್ರಾಧಿಕಾರ ಇದೆ. ನಮ್ಮಂಥ ಸಣ್ಣವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ, ಆಗ ನನಗೂ ಗೊತ್ತಿರಲಿಲ್ಲ. ಮುಂದಿನ ಸ್ಪಿಂಡಲ್‌ಗೆ ಕ್ಯಾಟಲಾಗ್ ಪುಟ, ಡ್ರಾಯಿಂಗ್ ಸೇರಿಸಿ ಅರ್ಜಿ ಬರೆದಿಟ್ಟಿದ್ದೇನೆ. ರಸೀದಿ ಇಲ್ಲದ ಸಾಲಿಗೆ ಇನ್ನು ದುಡ್ಡು ಬರುವುದಿಲ್ಲ ಅಂತ ಏಜೆಂಟ್‌ಗೂ ಹೇಳಿದ್ದೇನೆ.