ಫುಟ್‌ಬಾಲ್ ವಿಶ್ವಕಪ್ ಗೆದ್ದವನು 14ರ ಮಕ್ಕಳಿಗೆ ಕೋಚ್ ಆದ

ನಾನು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಮೆಷಿನ್) ಮೇಲೆ ಒಂಬತ್ತು ವರ್ಷ ಸೆಟ್ಟರ್, ಅಂದರೆ ಮೆಷಿನ್ ಹೊಂದಿಸಿಕೊಡುವವನು, ಆಗಿದ್ದೆ. ಕಟಿಂಗ್ ಸದ್ದು ಸ್ವಲ್ಪ ಬದಲಾದರೂ ಇನ್ಸರ್ಟ್ (ಲೋಹ ಕೊರೆಯುವ ಅಲಗು) ಸವೆದಿದೆ ಅಂತ ಗೊತ್ತಾಗುತ್ತಿತ್ತು. ಕೆಲಸ ಚೆನ್ನಾಗಿದೆ ಅಂತ ನನ್ನನ್ನು ಶಿಫ್ಟ್ ಸೂಪರ್‌ವೈಸರ್ ಮಾಡಿದರು. ಮೊದಲ ಮೂರು ತಿಂಗಳು ನನ್ನ ಶಿಫ್ಟಿನಲ್ಲೇ ರಿಜೆಕ್ಷನ್, ಅಂದರೆ ಕೆಟ್ಟುಹೋದ ಪೀಸ್, ಜಾಸ್ತಿ ಬಂತು.

ಯಾವ ಹುಡುಗನಾದರೂ ಸೈಜ್ ಹಿಡಿಯಲು ಒದ್ದಾಡುತ್ತಿದ್ದರೆ ನಾನೇ ಹೋಗಿ ಆಫ್‌ಸೆಟ್ (ಟೂಲ್ ಎಷ್ಟು ಕೊರೆಯಬೇಕು ಅನ್ನುವ ತಿದ್ದುಪಡಿ) ಕೊಟ್ಟು ಬರುತ್ತಿದ್ದೆ. ಆ ಮೆಷಿನ್ ಸರಿಹೋಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಕೈಕೊಡುತ್ತಿತ್ತು. ಮರುದಿನ ಅದೇ ಹುಡುಗ ಅದೇ ತೊಂದರೆ ಹೇಳಿಕೊಂಡು ಬರುತ್ತಿದ್ದ.

ಆ ದಿನಗಳಲ್ಲಿ ನಾನು ಶನಿವಾರ ತಪ್ಪದೆ ಜರ್ಮನಿಯ ಫುಟ್‌ಬಾಲ್ ಲೀಗ್ ನೋಡುತ್ತಿದ್ದೆ. 2023-24ರ ಸೀಸನ್. ಬಯರ್ ಲೆವರ್ಕುಸೆನ್ ತಂಡಕ್ಕೆ ಕೋಚ್ ಆಗಿದ್ದವರು ಸ್ಪೇನಿನ ಕ್ಸಾಬಿ ಅಲೊನ್ಸೊ. ಆಟಗಾರನಾಗಿ ಅವರು ನನಗೆ ಮೊದಲಿಂದಲೂ ಇಷ್ಟ. ಮಿಡ್‌ಫೀಲ್ಡಿನಲ್ಲಿ ನಿಂತು, ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಎಲ್ಲಿಗೆ ಕಳಿಸಬೇಕು ಅಂತ ನೋಡಿಟ್ಟಿರುತ್ತಿದ್ದರು. 2005ರಲ್ಲಿ ಲಿವರ್‌ಪೂಲ್ ಜೊತೆ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ), 2010ರಲ್ಲಿ ಸ್ಪೇನ್ ಜೊತೆ ವಿಶ್ವಕಪ್, 2014ರಲ್ಲಿ ರಿಯಲ್ ಮ್ಯಾಡ್ರಿಡ್ ಜೊತೆ ಮತ್ತೆ ಚಾಂಪಿಯನ್ಸ್ ಲೀಗ್. ಬೆನಿಟೆಜ್, ಮೊರಿನ್ಯೊ, ಆಂಚೆಲೊಟ್ಟಿ, ಗ್ವಾರ್ಡಿಯೊಲಾ, ಈ ದೊಡ್ಡ ಕೋಚ್‌ಗಳೆಲ್ಲರ ಕೈಕೆಳಗೆ ಆಡಿದವರು.

ಇಷ್ಟೆಲ್ಲ ಇದ್ದವರು 2017ರಲ್ಲಿ ಆಟ ಬಿಟ್ಟ ಮೇಲೆ ಎಲ್ಲಿಗೆ ಹೋದರು ಅಂತ ಓದಿದಾಗ ನಾನು ಸುಮ್ನೆ ಕೂತುಬಿಟ್ಟೆ. ರಿಯಲ್ ಮ್ಯಾಡ್ರಿಡ್‌ನ 14 ವರ್ಷದೊಳಗಿನ ಮಕ್ಕಳ ತಂಡಕ್ಕೆ! ಒಂದು ಸೀಸನ್ ಅಲ್ಲಿ ಕಳೆದು, 2019ರಲ್ಲಿ ತಮ್ಮ ಊರಿನ ಕಡೆಯ ರಿಯಲ್ ಸೊಸಿಯೆಡಾಡ್‌ಗೆ ಬಂದರು. ಅದೂ ಬಿ ತಂಡಕ್ಕೆ, ಅಂದರೆ ಮುಖ್ಯ ತಂಡದ ಕೆಳಗಿನ ಹುಡುಗರ ತಂಡಕ್ಕೆ. ಅಲ್ಲಿ ಮೂರು ವರ್ಷ. 2021ರಲ್ಲಿ ಆ ಹುಡುಗರು ಎರಡನೇ ಡಿವಿಜನ್‌ಗೆ ಏರಿದರು. ಮರುವರ್ಷವೇ ಕೆಳಗೆ ಬಿದ್ದರು. ಅಲೊನ್ಸೊ ಬಗ್ಗೆ ಮಾತಾಡುವವರು ಈ ಬಿದ್ದ ವರ್ಷವನ್ನು ದಾಟಿಕೊಂಡು ಹೋಗುತ್ತಾರೆ. ನನಗೆ ಅದೇ ಮುಖ್ಯ ಅನಿಸುತ್ತದೆ. ಅದೇ ಬಿ ತಂಡದಲ್ಲಿ ಅವರ ಕೈಯಲ್ಲಿ ಆಡಿದ ಮಾರ್ಟಿನ್ ಸುಬಿಮೆಂಡಿ 2024ರ ಯೂರೋ (ಯುರೋಪಿನ ದೇಶಗಳ ಟೂರ್ನಿ) ಫೈನಲ್‌ನಲ್ಲಿ ಸ್ಪೇನ್ ಪರ ಇಡೀ ದ್ವಿತೀಯಾರ್ಧ ಆಡಿದ. ತಂಡ ಬಿದ್ದರೂ ಕಲಿಸಿದ್ದು ಹೋಗಲಿಲ್ಲ ಅಲ್ವಾ?

ನನ್ನ ತಲೆಯಲ್ಲಿ ಉಳಿದದ್ದು ಆ 14ರ ಮಕ್ಕಳು. ತನ್ನ ಕಾಲಿಗೆ ಗೊತ್ತಿರುವ ಪಾಸನ್ನು ಮಗುವಿಗೆ ಹೇಳಬೇಕಾದರೆ ಮೊದಲು ಅದಕ್ಕೆ ಮಾತು ಹುಡುಕಬೇಕು. ನಾನು ಆ ಕೆಲಸ ಮಾಡಿಯೇ ಇರಲಿಲ್ಲ.

ನನಗೆ ಅದು ತಿಳಿದದ್ದು ಒಂದು ಶಾಫ್ಟ್ ಜಾಬ್‌ನಲ್ಲಿ. ಐಟಿಐ ಮುಗಿಸಿ ಬಂದ ಹುಡುಗ. ಪೀಸ್ ಹೊರಗೆ ತೆಗೆದ ತಕ್ಷಣ ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದು ನೋಡಿದ್ದಾನೆ, ಸೈಜ್ ಮೇಲಿದೆ. ಆಫ್‌ಸೆಟ್ ಇಳಿಸಿದ್ದಾನೆ. ಒಂದು ಟ್ರೇ ಹೊಡೆದ ಮೇಲೆ ಇನ್‌ಸ್ಪೆಕ್ಷನ್‌ನಲ್ಲಿ ಎಲ್ಲವೂ ಅಂಡರ್‌ಸೈಜ್. ಬಿಸಿ ಇದ್ದಾಗ ಕಬ್ಬಿಣ ಹಿಗ್ಗಿರುತ್ತದೆ, ಆರಿದ ಮೇಲೆ ಕುಗ್ಗುತ್ತದೆ. ನಾನು ಯಾವತ್ತೂ ಪೀಸ್ ಆರಲು ಬಿಟ್ಟು ಅಳೆಯುತ್ತಿದ್ದೆ. ಆದರೆ ಒಂಬತ್ತು ವರ್ಷದಲ್ಲಿ ಒಬ್ಬರಿಗೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಆ ಟ್ರೇ ಸ್ಕ್ರ್ಯಾಪ್ ಆದದ್ದು ನನ್ನಿಂದ.

ಮಾರನೇ ದಿನದಿಂದ ಶಿಫ್ಟ್ ಶುರುವಿನಲ್ಲಿ ಹತ್ತು ನಿಮಿಷ ಹುಡುಗರ ಜೊತೆ ನಿಲ್ಲತೊಡಗಿದೆ. ದಿನಕ್ಕೆ ಒಂದೇ ವಿಷಯ. ಯಾರಾದರೂ ಕರೆದರೆ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ, ಪ್ಯಾನೆಲ್ ಮುಟ್ಟುವುದಿಲ್ಲ. ಇದು ತುಂಬಾ ಕಷ್ಟ. ನಾನು ಎರಡು ನಿಮಿಷದಲ್ಲಿ ಮುಗಿಸುವುದಕ್ಕೆ ಅವನು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾನೆ. ಪ್ರೊಡಕ್ಷನ್ ಕೇಳುತ್ತಾರೆ, ನಾನು ಉತ್ತರ ಕೊಡಬೇಕು.

ಅಲೊನ್ಸೊ 2022ರ ಅಕ್ಟೋಬರ್‌ನಲ್ಲಿ ಬಂದಾಗ ಲೆವರ್ಕುಸೆನ್ 18 ತಂಡಗಳಲ್ಲಿ 17ನೇ ಸ್ಥಾನದಲ್ಲಿತ್ತು. ಆ ಸೀಸನ್ ಆರನೇ ಸ್ಥಾನ. ಮುಂದಿನದರಲ್ಲಿ 34 ಪಂದ್ಯ, 28 ಗೆಲುವು, 6 ಡ್ರಾ, ಸೋಲೇ ಇಲ್ಲ. ಸತತ 11 ಸಲ ಗೆದ್ದಿದ್ದ ಬಯರ್ನ್ ಮ್ಯೂನಿಕ್‌ನಿಂದ ಪ್ರಶಸ್ತಿ ಕಿತ್ತುಕೊಂಡರು. ಕ್ಲಬ್ಬಿನ ಮೊದಲ ಲೀಗ್ ಪ್ರಶಸ್ತಿ ಅದು. ಎಲ್ಲ ಟೂರ್ನಿ ಸೇರಿ 51 ಪಂದ್ಯ ಸೋಲದೆ ಹೋಗಿ, ಕೊನೆಗೆ ಮೇ 22ರಂದು ಡಬ್ಲಿನ್‌ನ ಯುರೋಪಾ ಲೀಗ್ ಫೈನಲ್‌ನಲ್ಲಿ ಅಟಲಾಂಟಾ ಎದುರು 3-0 ಸೋತರು. ಮೂರೇ ದಿನದಲ್ಲಿ ಜರ್ಮನ್ ಕಪ್ ಫೈನಲ್. ಮೊದಲಾರ್ಧದಲ್ಲೇ ಒಬ್ಬ ಆಟಗಾರ ರೆಡ್ ಕಾರ್ಡ್ ಪಡೆದು ಹೊರಗೆ ಹೋದ. ಉಳಿದ ಹತ್ತು ಜನ 1-0 ಉಳಿಸಿಕೊಂಡು ಗೆದ್ದರು. ಅಲೊನ್ಸೊ ಗೆರೆಯ ಹೊರಗೆ ನಿಂತಿದ್ದರು. ಒಳಗೆ ಹೋಗಿ ಒಂದು ಪಾಸ್ ಕೊಡಲು ಅವರಿಗೂ ಸಾಧ್ಯವಿರಲಿಲ್ಲ.

ಹೋದ ವಾರ ಅದೇ ಹುಡುಗನ ಮೆಷಿನ್ ಹತ್ತಿರ ಹೊಸಬನೊಬ್ಬ ಮೈಕ್ರೋಮೀಟರ್ ಎತ್ತಿಕೊಂಡ. "ಸ್ವಲ್ಪ ನಿಲ್ಲು, ಪೀಸ್ ಆರಲಿ" ಅಂದ ನಮ್ಮ ಹುಡುಗ. ನಾನು ಹಿಂದೆಯೇ ನಿಂತಿದ್ದೆ, ಅವನು ನೋಡಲಿಲ್ಲ.