ಡ್ರಿಲ್ ಮಾಸ್ತರು ಮತ್ತು ಪಿ.ಕೆ.

1977ರ ಸೆಪ್ಟೆಂಬರ್ ಕೊನೆ. ನಾನು ಒಂಬತ್ತನೇ ಕ್ಲಾಸು. ಹುಬ್ಬಳ್ಳಿಯ ನಮ್ಮ ಸ್ಕೂಲಿನ ಗ್ರೌಂಡಿಗೆ ಡ್ರಿಲ್ ಮಾಸ್ತರು ಪೇಪರ್ ಹಿಡಿದುಕೊಂಡೇ ಬಂದರು. ‘ಲೇ, ಎಲ್ಲಾರೂ ಕುಂಡ್ರಿ. ಪೆಲೆ ಬಂದ್ರೂ ನಮ್ಮವ್ರು ಸೋತಿಲ್ಲ!’ ಅಂದರು. ಕಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ 24ರಂದು ನಡೆದ ಫುಟ್‌ಬಾಲ್ ಪಂದ್ಯದಲ್ಲಿ ಅಲ್ಲಿನ ಮೋಹನ್ ಬಗಾನ್ ತಂಡ, ಬ್ರೆಜಿಲ್‌ನ ಪೆಲೆ ಇದ್ದ ಅಮೆರಿಕದ ನ್ಯೂಯಾರ್ಕ್ ಕಾಸ್ಮೋಸ್ ಜೊತೆ 2-2 ಡ್ರಾ ಮಾಡಿಕೊಂಡಿತ್ತು. ಮೋಹನ್ ಬಗಾನ್ ಕೋಚ್ ಪಿ.ಕೆ. ಬ್ಯಾನರ್ಜಿ. ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

‘ಅಂವ ರೈಲ್ವೆದವ’ ಅಂತ ಮಾಸ್ತರು ಹೇಳಿದಾಗ ನಾವೆಲ್ಲ ನೆಟ್ಟಗೆ ಕೂತೆವು. ನಮ್ಮಲ್ಲಿ ಅರ್ಧ ಹುಡುಗರ ಅಪ್ಪಂದಿರು ರೈಲ್ವೆ ವರ್ಕ್‌ಶಾಪಿನವರು. ಜಲಪಾಯ್‌ಗುಡಿಯಲ್ಲಿ 1936ರಲ್ಲಿ ಹುಟ್ಟಿದ ಪಿ.ಕೆ. ಆಟಗಾರನಾಗಿ ಕಲ್ಕತ್ತಾದ ಎರಡು ದೊಡ್ಡ ಕ್ಲಬ್‌ಗಳಾದ ಮೋಹನ್ ಬಗಾನ್‌ಗೂ ಹೋಗಲಿಲ್ಲ, ಈಸ್ಟ್ ಬೆಂಗಾಲ್‌ಗೂ ಹೋಗಲಿಲ್ಲ. ಈಸ್ಟರ್ನ್ ರೈಲ್ವೆಯಲ್ಲೇ ಉಳಿದು 1958ರಲ್ಲಿ ಆ ತಂಡಕ್ಕೆ ಕಲ್ಕತ್ತಾ ಲೀಗ್ ಗೆದ್ದುಕೊಟ್ಟರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ಕ್ಯಾಪ್ಟನ್. ಫ್ರಾನ್ಸ್ ವಿರುದ್ಧ 1-1 ಆದ ಪಂದ್ಯದಲ್ಲಿ ನಮ್ಮ ಗೋಲು ಅವರದೇ.

ಆದರೆ ಮಾಸ್ತರು ಮತ್ತೆ ಮತ್ತೆ ಹೇಳುತ್ತಿದ್ದದ್ದು 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್ ಕಥೆ. ಸ್ಟೇಡಿಯಂ ತುಂಬಾ ಜನ, ಎಲ್ಲರೂ ನಮ್ಮ ವಿರುದ್ಧ ಕೂಗುವವರೇ. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್‌ರನ್ನು ಕೋಚ್ ರಹೀಮ್ ಸಾಹೇಬರು ಡಿಫೆನ್ಸ್‌ನಿಂದ ತೆಗೆದು ಮುಂದೆ ಆಡಿಸಿದರು. ಮೊದಲ ಗೋಲು ಪಿ.ಕೆ., ಎರಡನೆಯದು ಜರ್ನೈಲ್. ದಕ್ಷಿಣ ಕೊರಿಯಾ ವಿರುದ್ಧ 2-1, ಬಂಗಾರ! ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು ಅನ್ನುವಾಗ ಮಾಸ್ತರ ದನಿ ಏರುತ್ತಿತ್ತು. ಆಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ನಮಗೆ ಬಂಗಾರ ಬಂದೇ ಇಲ್ಲ.

ಗಾಯಗಳಿಂದಾಗಿ 1967ರಲ್ಲಿ ಆಟ ಬಿಟ್ಟ ಪಿ.ಕೆ. ಕೋಚ್ ಆದರು. ಮಾತಿನಿಂದಲೇ ಹುಡುಗರಿಗೆ ಕೆಚ್ಚು ತುಂಬುತ್ತಿದ್ದರು. ಅದಕ್ಕೆ ಕಲ್ಕತ್ತಾದವರು ‘ವೋಕಲ್ ಟಾನಿಕ್’ ಅಂತ ಹೆಸರಿಟ್ಟಿದ್ದರು. ನಮ್ಮ ಮಾಸ್ತರಿಗೂ ಅದು ಗೊತ್ತಿತ್ತು. ಒಂದು ಇಂಟರ್‌ಸ್ಕೂಲ್ ಮ್ಯಾಚಿನಲ್ಲಿ ಹಾಫ್ ಟೈಮಿಗೆ ಎರಡು ಗೋಲು ಹಿಂದಿದ್ದೆವು. ಎದುರಿನ ದಪ್ಪ ಬ್ಯಾಕ್‌ಗೆ ನಾನು ಹೆದರಿದ್ದೆ. ಮಾಸ್ತರು ಬೈಯಲಿಲ್ಲ. ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ‘ನಿಮ್ಮಪ್ಪ ಇಡೀ ಎಂಜಿನ್ ಬಿಚ್ಚಿ ಜೋಡಸ್ತಾನ. ನಿನಗ ಈ ಒಬ್ಬನ್ನ ದಾಟಾಕ ಆಗಂಗಿಲ್ಲೇನು?’ ಅಂದರು. ನಾವು 2-1ರಿಂದ ಸೋತೆವು. ಆ ಒಂದು ಗೋಲು ನನ್ನದು. ಮಾಸ್ತರು ನನ್ನ ತಲೆ ಸವರಿದ್ದು ಇನ್ನೂ ನೆನಪಿದೆ.

1997ರ ಜುಲೈ 13ರಂದು ಕಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 1,31,000 ಜನರ ಮುಂದೆ ಪಿ.ಕೆ. ಕೋಚ್ ಆಗಿದ್ದ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ತಂಡವನ್ನು 4-1ರಿಂದ ಸೋಲಿಸಿತು. ಈಸ್ಟ್ ಬೆಂಗಾಲ್‌ನ ಬೈಚುಂಗ್ ಭುಟಿಯಾ ಹ್ಯಾಟ್ರಿಕ್. ಮುಂದಿನ ಸಲ ಊರಿಗೆ ಹೋದಾಗ ಮಾಸ್ತರ ಮನೆಗೆ ಹೋದೆ. ರಿಟೈರ್ ಆಗಿ ವರ್ಷಗಳಾಗಿದ್ದವು. ಪೇಪರಿನ ತುಂಡು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ನನ್ನ ಕೈಗಿಟ್ಟು ಕೇಳಿದರು: ‘ಆಟಕ್ಕ ಇಳಿಯೂ ಮೊದಲ ಆ ಹುಡುಗರಿಗೆ ಪಿ.ಕೆ. ಏನ್ ಹೇಳಿರಬೇಕಲೇ?’