ವ್ಯಾಟ್ ಮೀಟರ್: ಹೀಟರ್ ಸರಿ, ಕೂಲರ್ ಯಾಕೆ ತಪ್ಪು?

ಕೊನೆಗೂ ಕೂಲರ್ ಲೆಕ್ಕಕ್ಕೆ ಸಿಕ್ಕಿತು! ಆರ್ಡಿನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡು) ಬಳಸಿ ನಾನೇ ಕಟ್ಟಿದ ವ್ಯಾಟ್ ಮೀಟರ್ ಈಗ 181 ವ್ಯಾಟ್ ತೋರಿಸುತ್ತಿದೆ, ಮನೆ ಮೀಟರ್ ಪ್ರಕಾರ 180.

ಬೋರ್ಡು, ಬೆಸುಗೆ, ಡಿಸ್‌ಪ್ಲೇ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಹೈರಾಣ ಮಾಡಿದ್ದು ಒಂದೇ ವಿಷಯ. ಹೀಟರ್ ಹಾಕಿದರೆ ರೀಡಿಂಗ್ ಸರಿ. ಕೂಲರ್ ಹಾಕಿದರೆ 200 ವ್ಯಾಟ್ ತೋರಿಸುತ್ತಿತ್ತು, ಅಂದರೆ ಶೇ 11ರಷ್ಟು ಜಾಸ್ತಿ. ಕಲಬುರಗಿ ಬೇಸಿಗೆಯಲ್ಲಿ ಕೂಲರ್ ಹಗಲು ರಾತ್ರಿ ಓಡುತ್ತದೆ. ಅದರ ಲೆಕ್ಕವೇ ತಪ್ಪಿದರೆ ಮೀಟರ್ ಕಟ್ಟಿ ಏನು ಉಪಯೋಗ?

ಹೀಟರ್ ಮೇಲೆ ನನಗೆ ಸಂಶಯ ಇರಲಿಲ್ಲ. ಸಂಜೆ ನಮ್ಮ ಓಣಿಯಲ್ಲಿ ವೋಲ್ಟೇಜ್ 200ಕ್ಕೆ ಇಳಿಯುತ್ತದೆ. 1000 ವ್ಯಾಟ್ ಅಂತ ಬರೆದಿರುವುದು 230 ವೋಲ್ಟಿಗೆ. ಹಾಗಾದರೆ ರೆಸಿಸ್ಟೆನ್ಸ್ 230×230÷1000, ಅಂದರೆ 52.9 ಓಮ್. 200 ವೋಲ್ಟಿಗೆ ಅದು 200×200÷52.9, ಅಂದರೆ 756 ವ್ಯಾಟ್ ಎಳೆಯಬೇಕು. ನನ್ನ ಮೀಟರ್ ಹತ್ತಿರ ಹತ್ತಿರ ಅಷ್ಟೇ ತೋರಿಸಿತು. ವೋಲ್ಟೇಜ್, ಕರೆಂಟ್ ಎರಡರ ಕ್ಯಾಲಿಬ್ರೇಶನ್ ಸರಿ ಇದೆ ಅಂತಾಯಿತು.

ಕೂಲರ್ 230 ವೋಲ್ಟಿಗೆ 1.3 ಆಂಪ್ ಎಳೆಯುತ್ತದೆ. ಗುಣಿಸಿದರೆ 299, ಆದರೆ ಅದು ವಿಎ (ವೋಲ್ಟ್-ಆಂಪಿಯರ್), ವ್ಯಾಟ್ ಅಲ್ಲ. ನಿಜವಾದ ವ್ಯಾಟ್ ತಿಳಿಯಲು ಫ್ರಿಜ್ ಸಮೇತ ಮನೆಯಲ್ಲಿ ಉಳಿದದ್ದೆಲ್ಲ ಆಫ್ ಮಾಡಿ ಮನೆ ಮೀಟರಿನ ಕೆಂಪು ದೀಪ ಎಣಿಸಿದೆ. ನಮ್ಮ ಮೀಟರಿನಲ್ಲಿ 3200 ಸಲ ಮಿನುಗಿದರೆ ಒಂದು ಯೂನಿಟ್. ಒಂದು ಮಿನುಗಿಗೆ 1125 ಜೂಲ್. ಹತ್ತು ಮಿನುಗಿಗೆ 62.5 ಸೆಕೆಂಡ್ ಹಿಡಿಯಿತು. 11250÷62.5, ಅಂದರೆ 180 ವ್ಯಾಟ್. 180ನ್ನು 299ರಿಂದ ಭಾಗಿಸಿದರೆ 0.6, ಇದೇ ಪವರ್ ಫ್ಯಾಕ್ಟರ್. ಕರೆಂಟಿನ ಅಲೆ ವೋಲ್ಟೇಜಿನ ಅಲೆಗಿಂತ ಎಷ್ಟು ಹಿಂದೆ ಬೀಳುತ್ತದೋ ಆ ಕೋನದ ಕಾಸ್ (ಕೊಸೈನ್) ಅದು, ಹಾಗಾಗಿ ಕೋನ 53 ಡಿಗ್ರಿ.

ಗುಟ್ಟು ಈ ಕೋನದಲ್ಲೇ ಇತ್ತು. ಮೀಟರ್ ಒಳಗೆ ಎಲ್ಲೋ 5 ಡಿಗ್ರಿ ತಪ್ಪು ಸೇರಿಕೊಂಡಿದೆ ಅಂದುಕೊಳ್ಳಿ. ಹೀಟರಿನಲ್ಲಿ ಕೋನ ಸೊನ್ನೆ. ಕಾಸ್ 5 ಅಂದರೆ 0.996, ತಪ್ಪು ಕಣ್ಣಿಗೇ ಬೀಳುವುದಿಲ್ಲ. ಕೂಲರಿನಲ್ಲಿ 53 ಹೋಗಿ 48 ಆಗುತ್ತದೆ. ಕಾಸ್ 0.6ರಿಂದ 0.667ಕ್ಕೆ ಜಿಗಿಯುತ್ತದೆ. 299×0.667 ಎಷ್ಟು? 200! ಆ ಸಂಖ್ಯೆ ಬಂದಾಗ ಆದ ಖುಷಿ ಹೇಳತೀರದು.

ಆ 5 ಡಿಗ್ರಿ ಎಲ್ಲಿಂದ ಬಂತು? ನನ್ನ ಆರ್ಡಿನೋ ಊನೋ ಬೋರ್ಡು ಒಂದು ಪಿನ್ ಓದಲು ಸುಮಾರು 0.1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 50 ಹರ್ಟ್ಸ್‌ನಲ್ಲಿ 20 ಮಿಲಿಸೆಕೆಂಡಿಗೆ 360 ಡಿಗ್ರಿ, ಹಾಗಾಗಿ ಅಷ್ಟಕ್ಕೇ 1.8 ಡಿಗ್ರಿ. ಪ್ರೋಗ್ರಾಂ ಮೊದಲು ವೋಲ್ಟೇಜ್ ಓದಿ ಆಮೇಲೆ ಕರೆಂಟ್ ಓದುತ್ತಿತ್ತು. ಹಾಗಾಗಿ ಕರೆಂಟ್ ಇದ್ದದ್ದಕ್ಕಿಂತ ಮುಂದೆ ಕಾಣುತ್ತದೆ. ಸಿ.ಟಿ. (ವೈರಿನ ಕರೆಂಟನ್ನು ಅಳೆಯಲು ಕುಗ್ಗಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂಡ ತನ್ನ ಪಾಲಿಗೆ ಅದೇ ಕಡೆಗೆ ತಳ್ಳುತ್ತದೆ. ಓದುವ ಕ್ರಮ ಅದಲುಬದಲು ಮಾಡಿದೆ, ಎರಡೇ ಸಾಲಿನ ಕೆಲಸ. ಮುಂದಿದ್ದ 1.8 ಡಿಗ್ರಿ ಈಗ ಹಿಂದಕ್ಕಾಯಿತು, ಒಟ್ಟು 3.6 ಡಿಗ್ರಿ ವಾಪಸ್ ಬಂತು, ರೀಡಿಂಗ್ 185.

ಉಳಿದದ್ದು ಸಿ.ಟಿ. ಪಾಲು. ಆನ್‌ಲೈನಿನಲ್ಲಿ ತರಿಸಿದ್ದು 30 ಆಂಪಿಗೆ 1 ವೋಲ್ಟ್ ಕೊಡುವಂಥದ್ದು. ಬಂದದ್ದು 100 ಆಂಪಿಗೆ 50 ಮಿಲಿಆಂಪ್. ಮಾರಿದವರನ್ನು ಕೇಳಿದರೆ "ಎರಡೂ ಒಂದೇ ಸರ್" ಅಂದರು. ಹೇಗೆ ಒಂದೇ? ಇದರೊಳಗೆ ಕರೆಂಟನ್ನು ವೋಲ್ಟೇಜ್ ಆಗಿಸುವ ಬರ್ಡನ್ ರೆಸಿಸ್ಟರೇ ಇಲ್ಲ! 33 ಓಮ್ ಹೊರಗಿನಿಂದ ಹಾಕಿದೆ. ಅಷ್ಟು ದೊಡ್ಡ ಸಿ.ಟಿ.ಗೆ 1.3 ಆಂಪ್ ತೀರಾ ಸಣ್ಣದು. ಸಣ್ಣ ಕರೆಂಟಿಗೆ ಅದರ ಕೋನದ ತಪ್ಪು ಜಾಸ್ತಿ. ಅದಕ್ಕೆ ಫೇಸ್ ವೈರನ್ನು ಹತ್ತು ಸುತ್ತು ಒಳಗೆ ಹಾಯಿಸಿದೆ. ಸಿ.ಟಿ.ಗೆ ಈಗ 13 ಆಂಪ್ ಕಾಣುತ್ತದೆ, ಪ್ರೋಗ್ರಾಂನಲ್ಲಿ ಹತ್ತರಿಂದ ಭಾಗಿಸಿದರೆ ಆಯಿತು. 181.

ಅಂದಹಾಗೆ, ಈ ಕೂಲರಿಗೆ ಸುಮಾರು 14 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಮಾಂತರವಾಗಿ ಜೋಡಿಸಿದರೆ ಕರೆಂಟ್ 0.8 ಆಂಪಿಗೆ ಇಳಿಯುತ್ತದೆ. ಮನೆ ಬಿಲ್ ಮಾತ್ರ ಇಳಿಯುವುದಿಲ್ಲ, ಯಾಕೆಂದರೆ ನಮಗೆ ಬಿಲ್ ಬರುವುದು ಯೂನಿಟ್‌ಗೆ, ಆ 180 ವ್ಯಾಟ್ ಹಾಗೇ ಇರುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ "ಕರೆಂಟ್ ಉಳಿಸುವ" ಡಬ್ಬಿಗೆ ದಯವಿಟ್ಟು ದುಡ್ಡು ಕೊಡಬೇಡಿ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕೂತಿದೆ: ಗೆಳೆಯನ ದಾಲ್ ಮಿಲ್ಲಿನ ಮೂರು ಫೇಸ್ ಮೋಟರ್. ತೊಗರಿ ಸೀಸನ್ನಿಗೆ ಮುಂಚೆ ಆಗಬೇಕು. ಮೂರು ವೈರಿನ ಮೋಟರಿಗೆ ಎರಡೇ ವ್ಯಾಟ್ ಮೀಟರ್ ಸಾಕು, ಎರಡರ ಮೊತ್ತವೇ ಒಟ್ಟು ಪವರ್. ಪವರ್ ಫ್ಯಾಕ್ಟರ್ 0.5ಕ್ಕಿಂತ ಕಡಿಮೆ ಆದರೆ ಒಂದು ಮೈನಸ್ ತೋರಿಸುತ್ತದೆ, ಅದೂ ಸರಿಯೇ. ಆದರೆ ಎರಡು ವೋಲ್ಟೇಜ್, ಎರಡು ಕರೆಂಟ್ ಅಂತ ನಾಲ್ಕು ಪಿನ್ ಒಂದಾದ ಮೇಲೊಂದು ಓದಿದರೆ ಇದೇ 1.8 ಡಿಗ್ರಿ ಮೂರು ಸಲ ಕೂಡುತ್ತದೆ. ಎಲ್ಲ ಚಾನೆಲ್ ಒಂದೇ ಕ್ಷಣಕ್ಕೆ ಹಿಡಿಯುವ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಚಿಪ್) ಹುಡುಕುತ್ತಿದ್ದೇನೆ. ಬಳಸಿದವರು ಇದ್ದರೆ ಯಾವುದು ಅಂತ ತಿಳಿಸಿ.